ಕಸೂತಿ ಸಾಮಾನಿಗೊಂದು ಕಪಾಟು: ನಾನು ಮಾಡಿಸಿದ ಬಗೆ

ಧಾರವಾಡದ ಮಾಳಮಡ್ಡಿಯ ನಮ್ಮ ಹಳೆಯ ಮನೆಯಲ್ಲಿ ಗೋಡೆಗೊಂದರಂತೆ ಮಾಡಗಳಿದ್ದವು, ಅಂದರೆ ಗೋಡೆಯೊಳಗಿನ ಗೂಡುಗಳು. ನನ್ನ ಕಸೂತಿ ಸಾಮಾನೆಲ್ಲ ಆ ಮಾಡಗಳಲ್ಲಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ಮತ್ತು ಅತ್ತೆಯವರ ಒಂದು ಟ್ರಂಕಿನಲ್ಲಿ ಹಂಚಿಹೋಗಿತ್ತು. ಮನೆ ಬಿಚ್ಚಿ ಹೊಸದಾಗಿ ಕಟ್ಟಿದಾಗ ಮಾಡಗಳು ಹೋದವು. ಉಳಿದದ್ದು ನಯವಾದ ಗೋಡೆ ಮತ್ತು ಸಾಗವಾನಿಯ ಎರಡು ತೊಲೆ. ಆ ತೊಲೆಗಳನ್ನು ಮಾರುವ ಮಾತು ಬಂದಾಗ, ಅವುಗಳಿಂದ ದಾರಕ್ಕೂ ಬಟ್ಟೆಗೂ ಒಂದು ಕಪಾಟು ಮಾಡಿಸಬೇಕೆಂದು ಹಟ ಹಿಡಿದೆ.

ಅದಕ್ಕಿಂತ ಮೊದಲು ಒಂದು ಸಿದ್ಧ ಕಪಾಟನ್ನು ಕೊಂಡು ಕೆಟ್ಟಿದ್ದೆ ಎಂಬುದನ್ನೂ ಹೇಳಬೇಕು. ನೋಡಲು ಚೆಂದವೆಂದು ಗಾಜಿನ ಬಾಗಿಲಿನದನ್ನು ತಂದು ಕಿಟಕಿಯ ಎದುರಿಗೆ ಇಟ್ಟಿದ್ದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಗಾಜಿನ ಬದಿಗಿದ್ದ ಕೆಂಪು ದಾರದ ಲಡಿಗಳ ಬಣ್ಣ ಒಂದೇ ಪಕ್ಕದಲ್ಲಿ ಮಾಸಿತ್ತು. ಖಾನೆಗಳು ಒಂದೂವರೆ ಅಡಿ ಆಳವಾಗಿದ್ದುದರಿಂದ ಹಿಂದಿನ ಸಾಲಿನ ಲಡಿ ಬೇಕೆಂದರೆ ಮುಂದಿನದನ್ನೆಲ್ಲ ತೆಗೆದು ನೆಲಕ್ಕೆ ಹರವಬೇಕಾಗುತ್ತಿತ್ತು. ಬಿಸಿಲು ಮತ್ತು ಆಳ, ಹೊಸದನ್ನು ಯೋಚಿಸುವಾಗ ಇವೆರಡೂ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದವು.

ನಾನು ಕಸೂತಿ ಹಾಕುವುದು ಚಾಪೆಯ ಮೇಲೆ ಕುಳಿತು. ಆದ್ದರಿಂದ ನಿಂತವರ ಅಳತೆಯ ಕಪಾಟು ನನಗೆ ಬೇಡವಾಗಿತ್ತು. ಕುಳಿತಲ್ಲಿಂದ ಕೈ ಎಲ್ಲಿಯವರೆಗೆ ಸಲೀಸಾಗಿ ಹೋಗುತ್ತದೆ ಎಂಬುದನ್ನು ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿಕೊಂಡು ನೋಡಿದೆ. ನೆಲದಿಂದ 18 ಇಂಚಿನಿಂದ 25 ಇಂಚಿನವರೆಗಿನ ಜಾಗ ಎದೆಯ ನೇರಕ್ಕೆ ಬರುತ್ತದೆ. ಕಣ್ಣು ಅದಕ್ಕಿಂತ ಸ್ವಲ್ಪ ಮೇಲಿರುವುದರಿಂದ ಅಲ್ಲಿ ಡ್ರಾ ಎಳೆದರೆ ಒಳಗಿರುವುದೆಲ್ಲ ಮೇಲಿನಿಂದ ಕಾಣುತ್ತದೆ. ದಾರದ ಡ್ರಾಗಳ ಜಾಗ ಹೀಗೆ ನಿಶ್ಚಯವಾಯಿತು, ಉಳಿದ ಅಳತೆಗಳು ಅದಕ್ಕೆ ಹೊಂದಿಕೊಂಡು ಬಂದವು.

ಕೆಳಗೆ 4 ಇಂಚಿನ ಕಾಲು, ಅದರ ಮೇಲೆ 8 ಇಂಚು ಎತ್ತರದ ಬಟ್ಟೆಯ ಡ್ರಾ, ಅದರ ಮೇಲೆ 5 ಇಂಚಿನದು ಎಳೆ ಎಣಿಸಿ ಹೊಲಿಯುವ ಮ್ಯಾಟಿ ಬಟ್ಟೆಗೂ ನಕಾಶೆಯ ಹಾಳೆಗಳಿಗೂ, ಆಮೇಲೆ ಮೂರೂವರೆ ಇಂಚಿನ ಎರಡು ದಾರದ ಡ್ರಾ. ನಡುವೆ ಒಂದು ನಿಲುವು ಹಲಗೆ ಬಂದು ಈ ಸಾಲು ಎಡಕ್ಕೂ ಬಲಕ್ಕೂ ಸಮನಾಗಿ ಎಂಟು ಡ್ರಾ ಆಯಿತು. ಎಲ್ಲಕ್ಕೂ ಮೇಲೆ 12 ಇಂಚು ಎತ್ತರದ, ಅಡ್ಡ ಹಲಗೆಯಿಲ್ಲದ ಒಂದೇ ಖಾನೆ. ಹಲಗೆಗಳ ದಪ್ಪವೂ ಸೇರಿ ಒಟ್ಟು ಎತ್ತರ 38 ಇಂಚು. ನಿಂತುಕೊಂಡು ಕಪಾಟಿನ ತಲೆಯ ಮೇಲೆ ಬಟ್ಟೆ ಹರವಿ ಕತ್ತರಿಸಬಹುದು.

ಆ ಉದ್ದನೆಯ ಖಾನೆ ಇಳಕಲ್ ಸೀರೆಗಳಿಗಾಗಿ. ಸೆರಗಿನಲ್ಲಿ ಗೋಪುರ, ತೇರು, ಆನೆ ಅಂಬಾರಿ ತುಂಬಿಕೊಂಡ ಸೀರೆಯನ್ನು ವರ್ಷಗಟ್ಟಲೆ ಮಡಿಸಿ ಇಟ್ಟರೆ ಮಡಿಕೆಯ ಗೆರೆಯಲ್ಲಿಯೇ ಎಳೆ ಸವೆಯುತ್ತದೆ. ಹೀಗಾಗಿ ಸುತ್ತಿಡುವುದು ಒಳ್ಳೆಯದು. ನನ್ನ ಸೀರೆಗಳ ಪನ್ನ, ಅಂದರೆ ಅಗಲ, 46 ಇಂಚು ಇದ್ದುದರಿಂದ ಖಾನೆಯ ಒಳಗಲ 48 ಇಂಚಿಗೆ ಕಡಿಮೆಯಾಗುವಂತಿರಲಿಲ್ಲ, ಕಪಾಟಿನ ಹೊರಗಲ 50 ಇಂಚಿನ ಹತ್ತಿರ ಬಂದಿತು. ಬಟ್ಟೆ ಅಂಗಡಿಯವರು ಥಾನು ಮುಗಿದ ಮೇಲೆ ಎಸೆಯುವ ರಟ್ಟಿನ ಕೊಳವೆಗಳನ್ನು ಕೇಳಿ ತಂದು, ಒಗೆದ ಮಲ್ ಬಟ್ಟೆ ಸುತ್ತಿ, ಒಳಗೆ ಕೋಲು ತೂರಿಸಿ ಪಕ್ಕದ ಹಲಗೆಗಳ ಕಚ್ಚಿನಲ್ಲಿ ಕೂರಿಸಿದ್ದೇವೆ. ಮೂರು ಕೋಲು ಹಿಡಿಯುತ್ತವೆ.

ದಾರದ ಡ್ರಾ ಯೋಚಿಸಲು ನನಗೆ ಹೆಚ್ಚು ದಿನ ಬೇಕಾಯಿತು. ಆರು ಎಳೆಯ ಹತ್ತಿ ದಾರದ ಒಂದು ಲಡಿ 8 ಮೀಟರ್ ಇರುತ್ತದೆ. ಕಸೂತಿಗೆ ಅದರಲ್ಲಿ ಒಂದೆರಡು ಎಳೆ ಬಿಡಿಸಿ ತೆಗೆಯುತ್ತೇವೆ, ಉಳಿದ ಎಳೆಗಳು ಸಿಕ್ಕುಬೀಳುತ್ತವೆ. ಹಾಗಾಗಿ ಲಡಿಯನ್ನು ಒಂದೂವರೆ ಇಂಚಿನ ಚೌಕ ರಟ್ಟಿಗೆ ಸುತ್ತಿ, ಬಣ್ಣದ ನಂಬರನ್ನು ರಟ್ಟಿನ ತಲೆಯ ಮೇಲೆ ಬರೆದು, ನಿಲ್ಲಿಸಿ ಇಡುತ್ತೇನೆ. ಡ್ರಾದ ಒಳಗೆ 6 ಮಿ.ಮೀ. ಪ್ಲೈವುಡ್ ಪಟ್ಟಿಗಳಿಂದ 12 ಸಾಲು ಮಾಡಿದೆವು. ಪಟ್ಟಿಗಳಿಗೆ ಅಂಟು, ಮೊಳೆ ಹಾಕಿಲ್ಲ. ಡ್ರಾದ ಹಿಂದೆ ಮುಂದೆ ಕೊರೆದ ಗೀರಿನಲ್ಲಿ ಜಾರಿ ಕೂರುತ್ತವೆ. ಮುಂದೆ ದಪ್ಪ ರೇಷ್ಮೆ ಲಡಿ ತಂದರೆ ಒಂದು ಪಟ್ಟಿ ಕಿತ್ತರೆ ಸಾಕು.

ಇಷ್ಟೆಲ್ಲ ಲೆಕ್ಕ ಹಾಕಿದವಳು ಒಂದು ಕಡೆ ಎಡವಿದೆ. ನಡುವಿನ ಹಲಗೆ ಕಳೆದು ಒಂದೊಂದು ಬದಿಗೆ ಉಳಿಯುವುದು ಸುಮಾರು 24 ಇಂಚು. ನಾನು ಡ್ರಾಗಳನ್ನು ಅದಕ್ಕೆ ಒಂದು ಗೀರು ಕಡಿಮೆ ಇಟ್ಟು ಬರೆದು ಕೊಟ್ಟಿದ್ದೆ. ಬಡಿಗ್ಯಾರು ಎಂಟೂ ಡಬ್ಬಿಗಳ ಹಲಗೆ ಕೊಯ್ದ ಮೇಲೆ ಡ್ರಾ ಜಾರಿಸುವ ಚಾನೆಲ್ ಹಿಡಿದುಕೊಂಡು ನಿಂತರು: ‘ಅಕ್ಕಾರ, ಇದರ ಜಾಗಾ ಎಲ್ಲಿ ಬಿಟ್ಟೀರಿ?’ ಬೇರಿಂಗ್ ಗುಂಡು ಹಾಕಿದ ಉಕ್ಕಿನ ಚಾನೆಲ್‌ಗೆ ಪ್ರತಿ ಬದಿಗೆ ಅರ್ಧ ಇಂಚು, ಅಂದರೆ ಡ್ರಾಕ್ಕೆ ಒಂದು ಇಂಚು ಬಿಡಲೇಬೇಕು. ಹೋದ ದಾರಿಯಲ್ಲೇ ತಿರುಗಿ ಬರುವ ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಎಳೆಯ ಎಣಿಕೆ ತಪ್ಪಿದರೆ ತಿರುಗಿ ಬರುವಾಗ ಹೊಲಿಗೆ ಕೂಡುವುದಿಲ್ಲ ಎಂದು ಕಸೂತಿ ಕಲಿಯುವ ಹುಡುಗಿಯರಿಗೆ ನೂರು ಸಲ ಹೇಳಿದವಳು ನಾನೇ. ಹಲಗೆಗಳನ್ನು ಮತ್ತೆ ಕೊಯ್ದು 23 ಇಂಚಿಗೆ ತಂದೆವು. ಒಂದು ದಿನದ ಕೂಲಿ ನನ್ನ ಲೆಕ್ಕಕ್ಕೆ. ಮರದ ಜಾರುಪಟ್ಟಿ ಇದ್ದಿದ್ದರೆ ಇಷ್ಟು ಜಾಗ ಬೇಕಾಗುತ್ತಿರಲಿಲ್ಲ, ಆದರೆ ಧಾರವಾಡದ ಜಡಿಮಳೆಯಲ್ಲಿ ಮರ ಉಬ್ಬಿ ಡ್ರಾ ಬಿಗಿಯುವುದನ್ನು ನಾನು ಕಂಡವಳು.

ಚೌಕಟ್ಟಿಗೆ 18 ಮಿ.ಮೀ. ಪ್ಲೈವುಡ್ ಬಳಸಿ, ತೊಲೆಯಿಂದ ಕೊಯ್ದ ಸಾಗವಾನಿಯನ್ನು ಡ್ರಾಗಳ ಮುಖಕ್ಕೂ ಅಂಚುಪಟ್ಟಿಗೂ ಹಾಕಿದೆವು. ಹಳೆಯ ತೊಲೆಯನ್ನು ಕೊಯ್ಯಿಸುವ ಮೊದಲು ಒಳಗಿನ ಮೊಳೆಗಳನ್ನು ಹುಡುಕಿ ತೆಗೆಯಬೇಕು, ಇಲ್ಲದಿದ್ದರೆ ಗರಗಸದ ಹಲ್ಲು ಹಾರುತ್ತದೆ. ಬಾಚಿಯ ಗುರುತು ಉಳಿದ ಒಂದು ಮುಖವನ್ನು ರಂಧ ಹೊಡೆದು ನಯ ಮಾಡಬೇಡಿರೆಂದು ಹೇಳಿ ಹಾಗೆಯೇ ಬಿಡಿಸಿಕೊಂಡೆ. ಬಡಿಗ್ಯಾರಿಗೆ ಅದು ಇಂದಿಗೂ ಒಪ್ಪಿಗೆಯಿಲ್ಲ.

ಅಂದದ ವಿಷಯದಲ್ಲಿ ನನ್ನ ಮೊದಲ ಆಸೆ ಎಲ್ಲ ಡ್ರಾಗಳ ಮೇಲೆ ತುಳಸಿಕಟ್ಟೆ, ನವಿಲು ಕೆತ್ತಿಸುವುದಾಗಿತ್ತು. ಕಾಗದದ ಮೇಲೆ ನಿಜ ಅಳತೆಯಲ್ಲಿ ಬರೆದು ಗೋಡೆಗೆ ಹಚ್ಚಿ ನೋಡಿದಾಗ ಜಾತ್ರೆಯ ತೇರಿನಂತೆ ಕಂಡಿತು. ಕೆತ್ತನೆ ಬಿಟ್ಟೆ. ಮೇಲಿನ ಖಾನೆಯ ಎರಡು ಬಾಗಿಲುಗಳ ಚೌಕಟ್ಟಿನಲ್ಲಿ ಮಾತ್ರ ಗುಳೇದಗುಡ್ಡದ ಖಣವನ್ನು ಬಿಗಿದು ಕೂರಿಸಿದೆ. ಉಳಿದೆಲ್ಲ ಬರಿಯ ಮರ, ಹಿತ್ತಾಳೆಯ ಸಣ್ಣ ಉಂಗುರ. ಕಪಾಟು ಈಗ ಕಿಟಕಿಯ ಗೋಡೆಗೇ ಇರುವುದರಿಂದ ಖಣದ ಮೇಲೆ ನೇರ ಬಿಸಿಲು ಬೀಳುವುದಿಲ್ಲ. ಬಾಗಿಲಿನ ಒಳಬದಿಗೆ ಹಳೆಯ ಮನೆಯ ಎರಡು ಗಿಳಿಗೂಟ ಹೊಡೆಸಿ ಕತ್ತರಿಗಳನ್ನು ತೂಗುಹಾಕಿದ್ದೇನೆ.

ಗೋಡೆಯ ತಂಪು ಏರದಂತೆ ಕಪಾಟಿನ ಬೆನ್ನಿಗೆ ಎರಡು ಇಂಚು ಸಂದು ಬಿಟ್ಟಿದ್ದೇವೆ. ಪಾಲಿಶ್ ಮುಗಿದ ಮೇಲೆ ವಾಸನೆ ಹೋಗುವವರೆಗೆ ಒಂದು ತಿಂಗಳು ಎಲ್ಲವನ್ನೂ ತೆರೆದೇ ಇಟ್ಟು, ಬಟ್ಟೆಗೆ ಮರ ನೇರವಾಗಿ ತಾಗಿದರೆ ಹಳದಿ ಕಲೆ ಹತ್ತುವುದರಿಂದ ಡ್ರಾಗಳಿಗೆ ಒಗೆದ ಬಿಳಿ ಬಟ್ಟೆ ಹಾಸಿದೆ. ಮೂಲೆಗಳಲ್ಲಿ ಒಣಗಿದ ಬೇವಿನ ಎಲೆಯ ಗಂಟುಗಳಿವೆ.

ನಾನು ಲೆಕ್ಕಕ್ಕೆ ಹಿಡಿಯದೇ ಇದ್ದದ್ದು ಚೂರುಬಟ್ಟೆ. ಕೌದಿಗೆಂದು ಕೂಡಿಟ್ಟ ಖಣದ ಚೂರುಗಳಿಗೆ ಕೆಳಗಿನ ಎಡ ಡ್ರಾ ಕೊಟ್ಟಿದ್ದೆ. ಅದು ಎರಡೇ ತಿಂಗಳಲ್ಲಿ ತುಂಬಿ ಮುಚ್ಚದಾಯಿತು. ಈಗ ಅವೆಲ್ಲ ಅತ್ತೆಯವರ ಟ್ರಂಕಿಗೇ ಮರಳಿವೆ, ಟ್ರಂಕು ಕಪಾಟಿನ ಪಕ್ಕದಲ್ಲಿಯೇ ಇದೆ, ಮತ್ತು ಬಂದವರು ಅದರ ಮೇಲೆ ಕುಳಿತು ಕಪಾಟನ್ನು ಹೊಗಳುತ್ತಾರೆ.