ನೋಟ್ಸ್‌ನ ಒಂದು ವಾಕ್ಯವನ್ನು ಪ್ರಶ್ನಿಸುವುದು ಹೇಗೆ?

ಪಿಯುಸಿವರೆಗೆ ಉರುಹೊಡೆದು ಒಳ್ಳೆಯ ಅಂಕ ತೆಗೆದವರೂ ಪದವಿಯಲ್ಲಿ ‘ವಿಮರ್ಶಿಸಿ’ ಎಂಬ ಪ್ರಶ್ನೆ ಬಂದಾಗ ತಡವರಿಸುತ್ತಾರೆ. ವಿಮರ್ಶೆ ಎಂದರೆ ತಪ್ಪು ಹುಡುಕುವುದು ಎಂಬ ಕಲ್ಪನೆಯೇ ಇದಕ್ಕೆ ಕಾರಣ. ಓದಿದ ಮಾತು ಯಾವ ಆಧಾರದ ಮೇಲೆ ನಿಂತಿದೆ, ಆ ಆಧಾರ ಎಷ್ಟು ಭಾರ ಹೊರಬಲ್ಲದು ಎಂದು ನೋಡುವುದೇ ವಿಮರ್ಶೆ. ದಿನಕ್ಕೆ 20 ನಿಮಿಷ, ಒಂದು ವಾಕ್ಯ, ಒಂದು ನೋಟ್‌ಬುಕ್ ಇದ್ದರೆ ಇದನ್ನು ರೂಢಿಸಿಕೊಳ್ಳಬಹುದು.

ಮೊದಲು ವಾಕ್ಯ ಆರಿಸಿ

ಆ ದಿನದ ನೋಟ್ಸ್‌ನಿಂದ ಒಂದು ವಾಕ್ಯವನ್ನು ಎಡಪುಟದಲ್ಲಿ ಬರೆದುಕೊಳ್ಳಿ. ವ್ಯಾಖ್ಯೆಗಳನ್ನು ಬಿಡಿ, ಅವು ಒಪ್ಪಂದದ ಮಾತುಗಳು. ‘ಮೊದಲ’, ‘ಕಾರಣ’, ‘ಹೆಚ್ಚು’, ‘ಎಲ್ಲ’ ಎಂಬ ಪದಗಳಿರುವ ವಾಕ್ಯವನ್ನು ಹುಡುಕಿ. ಇಡೀ ಅಧ್ಯಾಯವನ್ನು ಹಿಡಿದುಕೊಂಡವರು ಮೂರನೇ ದಿನಕ್ಕೇ ಕೈಬಿಡುತ್ತಾರೆ.

ಇದು ಗೊತ್ತಾದದ್ದು ಹೇಗೆ?

ಇತಿಹಾಸದ ಒಂದು ವಾಕ್ಯ ನೋಡೋಣ: ‘ಹಲ್ಮಿಡಿ ಶಾಸನ ಕ್ರಿ.ಶ. 450ರದು, ಇದು ಕನ್ನಡದ ಮೊದಲ ಶಾಸನ.’ ಕಲ್ಲಿನ ಮೇಲೆ 450 ಎಂದು ಬರೆದಿದೆಯೇ? ಇಲ್ಲ, ಅದರಲ್ಲಿ ಕಾಲದ ಉಲ್ಲೇಖವೇ ಇಲ್ಲ. ಅಕ್ಷರಗಳ ರೂಪ, ಭಾಷೆ, ಅದರಲ್ಲಿ ಬರುವ ಕದಂಬರ ಕಾಕುಸ್ಥನ ಹೆಸರು, ಇವನ್ನು ಹಿಡಿದು ವಿದ್ವಾಂಸರು ಕಾಲವನ್ನು ಅಂದಾಜು ಮಾಡಿದರು. ಹಾಗಾಗಿ ‘450’ ಎಂಬುದು ‘ಸುಮಾರು 450’ ಆಗಬೇಕು. ಇನ್ನು ‘ಮೊದಲ’ ಎಂಬ ಪದ. ‘ಈವರೆಗೆ ಸಿಕ್ಕವುಗಳಲ್ಲಿ ಮೊದಲ’ ಎಂದಷ್ಟೇ ಅದರ ಅರ್ಥ. ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಸುಮಾರು 370ರದು ಎಂಬ ವಾದ ಬಂದಾಗ ‘ಮೊದಲ’ ಎಂಬ ಪಟ್ಟವೇ ಅಲುಗಾಡಿತು. ಬಲಪುಟದಲ್ಲಿ ಮೂರು ಸಾಲು ಬರೆಯಿರಿ: ಆಧಾರ ಏನು, ಅದರಿಂದ ಖಚಿತವಾಗಿ ಹೇಳಬಹುದಾದದ್ದು ಎಷ್ಟು, ಯಾವ ಹೊಸ ಪುರಾವೆ ಸಿಕ್ಕರೆ ಮಾತು ಬದಲಾಗುತ್ತದೆ. ಮೂರನೆಯ ಸಾಲೇ ಕಷ್ಟದ್ದು, ಅದನ್ನು ಖಾಲಿ ಬಿಡಬೇಡಿ.

ಸ್ವಂತ ಅಳತೆಗೂ ಇದೇ ಪ್ರಶ್ನೆ

ಭೌತಶಾಸ್ತ್ರ ಲ್ಯಾಬ್‌ನಲ್ಲಿ ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವಾಗ ಉತ್ತರ 9.8 ಎಂದು ಮೊದಲೇ ಗೊತ್ತಿರುತ್ತದೆ. 10.9 ಬಂತೆಂದರೆ ರೆಕಾರ್ಡ್‌ನಲ್ಲಿ ಅಂಕಿ ತಿದ್ದಿ 9.8 ಮಾಡುವುದು ಎಲ್ಲ ಕಡೆ ನಡೆಯುತ್ತದೆ. ಕಲಿಯಲು ಸಿಕ್ಕ ಬಹುದೊಡ್ಡ ಅವಕಾಶ ಅಲ್ಲೇ ಕೈತಪ್ಪುತ್ತದೆ.

ತಪ್ಪನ್ನು ಹಿಂದಕ್ಕೆ ಬೆನ್ನಟ್ಟಿ. ದಾರ 1 ಮೀಟರ್ ಇದ್ದರೆ ಒಂದು ಆಂದೋಲನಕ್ಕೆ ಸುಮಾರು 2 ಸೆಕೆಂಡ್ ಬೇಕು. ಸ್ಟಾಪ್‌ವಾಚ್ ಒತ್ತುವಾಗ ‘ಸೊನ್ನೆ’ ಎನ್ನುವ ಬದಲು ‘ಒಂದು’ ಎಂದು ಎಣಿಸಿದರೆ, 20 ಎನ್ನುವ ಹೊತ್ತಿಗೆ ಆಗಿರುವುದು 19 ಆಂದೋಲನ. ಆ ಸಮಯವನ್ನು 20ರಿಂದ ಭಾಗಿಸಿದರೆ ಅವಧಿ 5% ತಗ್ಗುತ್ತದೆ. ಸೂತ್ರದ ಛೇದದಲ್ಲಿ ಅವಧಿಯ ವರ್ಗ ಇರುವುದರಿಂದ ಉತ್ತರ ಸುಮಾರು 10.9ಕ್ಕೆ ಏರುತ್ತದೆ. ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯದೆ ಮೇಲ್ತುದಿಗೇ ನಿಲ್ಲಿಸಿದ್ದರೆ, 1 ಸೆಂ.ಮೀ. ತ್ರಿಜ್ಯದ ಗುಂಡಿಗೆ ಉತ್ತರ 1% ಇಳಿದು 9.7 ಆಗುತ್ತದೆ. ಅಂದರೆ ತಪ್ಪಿನ ದಿಕ್ಕು ಮತ್ತು ಗಾತ್ರವೇ ಅದರ ಮೂಲವನ್ನು ತೋರಿಸುತ್ತವೆ. ಬಂದ ಅಂಕಿಯನ್ನು ಹಾಗೇ ಬರೆದು, ಕಾರಣವನ್ನು ಕೆಳಗೆ ಸೇರಿಸಿ, ಪ್ರಯೋಗವನ್ನು ಮತ್ತೆ ಮಾಡಿ.

ಒಟ್ಟು ಅಂಕಿಯನ್ನು ಬಿಡಿಸಿ ನೋಡಿ

ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದುವವರಿಗೆ ಇದು ಬಹಳ ಮುಖ್ಯ. 1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೋರ್ಸ್‌ಗಳಿಗೆ ಅರ್ಜಿ ಹಾಕಿದ ಪುರುಷರಲ್ಲಿ ಸುಮಾರು 44%, ಮಹಿಳೆಯರಲ್ಲಿ ಸುಮಾರು 35% ಮಂದಿಗೆ ಸೀಟು ಸಿಕ್ಕಿತು. ಮೇಲ್ನೋಟಕ್ಕೆ ಇದು ನೇರ ತಾರತಮ್ಯ. ವಿಭಾಗವಾರು ಬಿಡಿಸಿದಾಗ ಆ ಅಂತರ ಹಾಗೆ ಉಳಿಯಲಿಲ್ಲ. ಸೀಟು ಸಿಗುವುದೇ ಕಷ್ಟವಿದ್ದ ವಿಭಾಗಗಳಿಗೆ ಮಹಿಳೆಯರು ಹೆಚ್ಚಾಗಿ ಅರ್ಜಿ ಹಾಕಿದ್ದರು. ಇಲ್ಲಿಗೇ ನಿಂತು ‘ತಾರತಮ್ಯವೇ ಇರಲಿಲ್ಲ’ ಎಂದರೆ ಅದೂ ಅವಸರವೇ. ಅವರು ಆ ವಿಭಾಗಗಳನ್ನೇ ಆರಿಸಿದ್ದೇಕೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಸರಾಸರಿ ಎಂಬ ಪದ ಕಂಡರೂ ಹೀಗೇ ನಿಲ್ಲಿ. ಒಂಬತ್ತು ಮಂದಿಯ ಸಂಬಳ ತಲಾ 10,000 ರೂಪಾಯಿ, ಒಬ್ಬರದು 2 ಲಕ್ಷ ಇದ್ದರೆ ಸರಾಸರಿ 29,000. ಆ ಸಂಬಳ ಪಡೆಯುವವರು ಅಲ್ಲಿ ಒಬ್ಬರೂ ಇಲ್ಲ.

ಉತ್ತರಪತ್ರಿಕೆಯಲ್ಲಿ

10 ಅಂಕದ ಪ್ರಶ್ನೆಗೆ ಮೊದಲು ವಾದ, ಆಮೇಲೆ ಆಧಾರ ಬರೆಯಿರಿ. ಅದರ ಮಿತಿಗೆ ನಾಲ್ಕೈದು ಸಾಲು ಸಾಕು. ಎದುರು ಪಕ್ಷವನ್ನು ಹೇಳುವಾಗ ಆ ಪಕ್ಷದವರೇ ಒಪ್ಪುವಂತೆ ಬರೆಯಿರಿ. ದುರ್ಬಲಗೊಳಿಸಿ ಬರೆದರೆ ನಿಮ್ಮ ಖಂಡನೆಗೂ ಬೆಲೆ ಉಳಿಯದು. ಸಾಹಿತ್ಯದ ಪತ್ರಿಕೆಯಲ್ಲಿ ‘ಕವಿ ನೊಂದಿದ್ದಾನೆ’ ಎಂದು ಬರೆದಾಗಲೆಲ್ಲ ಯಾವ ಸಾಲು, ಯಾವ ಪದ ಹಾಗೆ ಹೇಳಿಸಿತು ಎಂದು ಸೇರಿಸಿ.

ತರಗತಿಯಲ್ಲಿ ಕೇಳುವ ಧಾಟಿಯೂ ಮುಖ್ಯ. ‘ಇದು ತಪ್ಪಲ್ವಾ ಸರ್?’ ಎಂದರೆ ಮಾತು ಅಲ್ಲಿಗೇ ಮುಗಿಯಬಹುದು. ‘ಮೇಡಂ, ಇದು ಯಾವ ಆಧಾರದಿಂದ ಗೊತ್ತಾಯ್ತು?’ ಎಂದು ಕೇಳಿದರೆ ಪಠ್ಯದಲ್ಲಿಲ್ಲದ ಎಷ್ಟೋ ವಿಷಯ ಹೊರಬರುತ್ತದೆ. ಅದನ್ನು ಅಂದೇ ಬಲಪುಟಕ್ಕೆ ಸೇರಿಸಿ.