ನನ್ನ ಹುಕ್ ನನಗೇ ಹಾಕಿದ ಗಾಳ

ಉಳಿಸುವ ಗುಂಡಿ ಒತ್ತಿದರೆ ಲೇಖನ ಉಳಿಯುತ್ತಿರಲಿಲ್ಲ. ದೋಷದ ಸಂದೇಶವೂ ಇಲ್ಲ, ಲಾಗ್‌ನಲ್ಲಿ ಸುಳಿವೂ ಇಲ್ಲ. ಎರಡು ದಿನ ಡೇಟಾಬೇಸಿನ ಮೇಲೇ ಅನುಮಾನಪಟ್ಟೆ. ಕೊನೆಗೆ ಸಿಕ್ಕಿಬಿದ್ದದ್ದು ಒಂದು ಪ್ಲಗಿನ್‌ನ (ಬೇರೆಯವರು ಬರೆದು ಸೇರಿಸುವ ಹೆಚ್ಚುವರಿ ತಂತ್ರಾಂಶದ) ಕಾಲ್‌ಬ್ಯಾಕ್, ಅಂದರೆ ಉಳಿಸುವ ಹೊತ್ತಿಗೆ ತಾನಾಗಿ ಓಡುವ ಅದರ ಕೋಡ್, ಅದರ ಕೊನೆಯ ಸಾಲು. ಲೇಖನ ಕರಡಾಗಿಯೇ ಇರಲೆಂದು ‘ಪಬ್ಲಿಷ್ಡ್’ ಎಂಬುದಕ್ಕೆ ‘ಫಾಲ್ಸ್’ ಎಂದು ಕೊಟ್ಟಿದ್ದರು, ಅಷ್ಟೆ. ನಾವು ಬಳಸುವ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೆಥಡ್‌ನ (ಹೆಸರಿಟ್ಟ ಕೋಡ್ ತುಣುಕಿನ) ಕೊನೆಯ ಸಾಲಿನ ಮೌಲ್ಯವೇ ಅದರ ಉತ್ತರ. ನಮ್ಮ ಪುಟ್ಟ ಫ್ರೇಮ್‌ವರ್ಕಿನಲ್ಲಿ ಹುಕ್‌ನಿಂದ, ಅಂದರೆ ಪ್ಲಗಿನ್‌ಗಳು ತಮ್ಮ ಕೋಡ್ ಸಿಕ್ಕಿಸಲು ಬಿಟ್ಟ ಕೊಂಡಿಯಿಂದ, ‘ಫಾಲ್ಸ್’ ಬಂದರೆ ಉಳಿಸುವುದನ್ನೇ ನಿಲ್ಲಿಸಬೇಕೆಂದು ನಿಯಮ ಮಾಡಿದ್ದವನು ನಾನೇ. ಪ್ಲಗಿನ್ ಬರೆದವರನ್ನು ದೂರಲು ನನಗೆ ಬಾಯಿಲ್ಲ.

ನಿಯಮವನ್ನು ರೂಬಿಯ ವೆಬ್ ಫ್ರೇಮ್‌ವರ್ಕ್ ಆದ ರೈಲ್ಸ್ ನೋಡಿ ತಂದಿದ್ದೆ. ಸ್ವತಃ ರೈಲ್ಸ್, 2016ರಲ್ಲಿ ಬಂದ 5ನೇ ಆವೃತ್ತಿಯಲ್ಲಿ, ಹೊಸ ಅಪ್ಲಿಕೇಶನ್‌ಗಳ ಮಟ್ಟಿಗೆ ಅದನ್ನು ಕೈಬಿಟ್ಟಿತು. ತಡೆಯಲೇಬೇಕಿದ್ದರೆ ‘ಥ್ರೋ ಅಬಾರ್ಟ್’ ಎಂದು ಬಾಯಿಬಿಟ್ಟು ಹೇಳಬೇಕು. ನಾನೂ ಅದೇ ದಾರಿ ಹಿಡಿದೆ. ಜೊತೆಗೆ, ಏಕೆ ತಡೆದಿರಿ ಎಂಬ ಒಂದು ಸಾಲನ್ನು ಕಡ್ಡಾಯ ಮಾಡಿದೆ. ಆ ಸಾಲು ಈಗ ನೇರವಾಗಿ ಲಾಗ್‌ಗೆ ಹೋಗುತ್ತದೆ.

ಆಮೇಲೆ ಹುಕ್‌ಗಳನ್ನು ಎರಡು ಜಾತಿ ಮಾಡಿದೆ. ವರ್ಡ್‌ಪ್ರೆಸ್‌ನಲ್ಲಿ ಆಕ್ಷನ್, ಫಿಲ್ಟರ್ ಎಂಬ ವಿಂಗಡಣೆ ಇದೆಯಲ್ಲ, ಅದೇ. ಸುದ್ದಿ ತಿಳಿಸುವ ಹುಕ್ ಏನು ಹಿಂದಿರುಗಿಸಿದರೂ ನಾವು ನೋಡುವುದಿಲ್ಲ. ಮೌಲ್ಯವನ್ನು ತಿದ್ದುವ ಹುಕ್ ಮಾತ್ರ ತಿದ್ದಿದ್ದನ್ನು ಕೊಡಲೇಬೇಕು. ಇಲ್ಲೂ ಒಂದು ಹಳ್ಳ ಇತ್ತು. ‘ಎಲ್ಸ್’ ಇಲ್ಲದ ‘ಇಫ್’ ಕೊನೆಯ ಸಾಲಾಗಿ, ಷರತ್ತು ಹೊಂದದಿದ್ದರೆ ಬರುವುದು ‘ನಿಲ್’, ಅಂದರೆ ಏನೂ ಇಲ್ಲ. ಶೀರ್ಷಿಕೆ ತಿದ್ದುವ ಹುಕ್‌ನಲ್ಲಿ ಹೀಗಾಗಿ ಪುಟಗಳೆಲ್ಲ ತಲೆಬರಹವಿಲ್ಲದೆ ನಿಂತವು. ಈಗ ‘ನಿಲ್’ ಬಂದ ಕೂಡಲೇ ಪ್ಲಗಿನ್ ಹೆಸರು ಹಿಡಿದು ದೋಷ ಎಸೆಯುತ್ತೇನೆ. ಒರಟು ಕ್ರಮ ಎಂದವರಿದ್ದಾರೆ, ಮೌನಕ್ಕಿಂತ ವಾಸಿ.

ಹುಕ್‌ಗೆ ಕಳುಹಿಸುವ ಮೌಲ್ಯಗಳ, ಅಂದರೆ ಆರ್ಗ್ಯುಮೆಂಟ್‌ಗಳ, ವಿಷಯದಲ್ಲೂ ಕೈ ಸುಟ್ಟುಕೊಂಡಿದ್ದೇನೆ. ಎರಡಿದ್ದವನ್ನು ಮೂರು ಮಾಡಿದ ದಿನ ಲ್ಯಾಂಬ್ಡಾ (ಆರ್ಗ್ಯುಮೆಂಟ್ ಎಣಿಕೆ ತಪ್ಪಿದರೆ ಒಪ್ಪದ ಕೋಡ್ ತುಣುಕು) ಬಳಸಿದ್ದ ಪ್ಲಗಿನ್‌ಗಳೆಲ್ಲ ಬಿದ್ದವು, ಎಣಿಕೆ ನೋಡದ ಸಾದಾ ಬ್ಲಾಕ್ ಕೊಟ್ಟವು ಏನೂ ಆಗದಂತೆ ನಡೆದವು. ಅಂದಿನಿಂದ ಪ್ರತಿ ಹುಕ್‌ಗೆ ಎಲ್ಲವನ್ನೂ ತುಂಬಿದ ಒಂದೇ ಕಾಂಟೆಕ್ಸ್ಟ್ ಆಬ್ಜೆಕ್ಟ್ ಕಳುಹಿಸುತ್ತೇನೆ. ಹೊಸದು ಬೇಕಾದರೆ ಅದರೊಳಗೆ ಸೇರುತ್ತದೆ.

ಒಂದೇ ಹುಕ್‌ನಲ್ಲಿ ಯಾವ ಪ್ಲಗಿನ್ ಮೊದಲು ಓಡಬೇಕು ಎಂಬ ಸರದಿ ಮಾತ್ರ ಇನ್ನೂ ಬಗೆಹರಿದಿಲ್ಲ. ಆದ್ಯತೆಗೆ ಅಂಕಿ ಕೊಡಲು ಬಿಟ್ಟಾಗ ಒಬ್ಬರು 1 ಬರೆದರು, ಇನ್ನೊಬ್ಬರು ಸೊನ್ನೆ, ಮತ್ತೊಬ್ಬರು ಋಣ ಸಂಖ್ಯೆಗೇ ಇಳಿದರು. ‘ಇಂಥ ಪ್ಲಗಿನ್ ನಂತರ’ ಎಂದು ಹೆಸರಿಸುವ ಕ್ರಮ ತಂದೆ. ಮೊನ್ನೆ ಎರಡು ಪ್ಲಗಿನ್‌ಗಳು ಪರಸ್ಪರ ‘ನಿನ್ನ ನಂತರ ನಾನು’ ಎಂದು ಕುಳಿತಿದ್ದವು.