ಬಯಾಲಜಿಯಲ್ಲೂ ಲೆಕ್ಕ ಬಿಡಿಸಬೇಕು: ಅಡ್ವಾನ್ಸ್ಡ್ ಕೋರ್ಸ್ ಮಾಡಿದ ನನ್ನ ಅನುಭವ

ಬಿ.ಎಸ್‌ಸಿ.ಯಲ್ಲಿ ನನ್ನದು ಸಿಬಿಝಡ್, ಅಂದರೆ ಕೆಮಿಸ್ಟ್ರಿ, ಬಾಟನಿ, ಝುವಾಲಜಿ. ಚಿತ್ರ ಬರೆದು, ಭಾಗ ಗುರುತಿಸಿ, ನೋಟ್ಸ್ ಬಾಯಿಪಾಠ ಮಾಡಿದರೆ ಮಾರ್ಕ್ಸ್ ತಾನಾಗಿಯೇ ಬರುತ್ತಿತ್ತು. ಧಾರವಾಡಕ್ಕೆ ಎಂ.ಎಸ್‌ಸಿ.ಗೆ ಬಂದ ಮೇಲೆ ಸೀನಿಯರ್ ಒಬ್ಬರು ಸಂಶೋಧನಾ ಫೆಲೋಶಿಪ್ ಮತ್ತು ಉಪನ್ಯಾಸಕ ಹುದ್ದೆಯ ಅರ್ಹತೆಗೆ ಬರೆಯುವ ಸಿಎಸ್‌ಐಆರ್ ನೆಟ್ ಪರೀಕ್ಷೆಯ ಹಳೇ ಪೇಪರ್ ಕೈಗೆ ಕೊಟ್ಟರು. ಅದರ ಪಾರ್ಟ್ ಸಿಯಲ್ಲಿ ‘ವಿವರಿಸಿ’, ‘ಟಿಪ್ಪಣಿ ಬರೆಯಿರಿ’ ಅನ್ನುವ ಮಾತೇ ಇಲ್ಲ. ಪ್ರಯೋಗ ಹೀಗೆ ಮಾಡಿದರು, ಫಲಿತಾಂಶ ಹೀಗೆ ಬಂತು, ಹಾಗಾದರೆ ಏನು ಅಂತ ಕೇಳುತ್ತಾರೆ. ನನ್ನ ನೋಟ್ಸ್‌ನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಕೋಚಿಂಗ್‌ಗೆ ದುಡ್ಡೂ ಇರಲಿಲ್ಲ. ಹಾಗಾಗಿ ಆನ್‌ಲೈನ್ ಕೋರ್ಸ್‌ಗಳ ಕಡೆ ಹೊರಳಿದೆ.

ಹುಡುಕಿದರೆ ಕೋರ್ಸ್‌ಗಳಿಗೆ ಬರವೇನಿಲ್ಲ. ಕೇಂದ್ರ ಸರ್ಕಾರದ ‘ಸ್ವಯಂ’ ಅನ್ನುವ ಆನ್‌ಲೈನ್ ವೇದಿಕೆಯಲ್ಲಿ ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನವು ಸಾಲುಸಾಲಾಗಿ ಇವೆ. ಐಐಟಿ ಕಾನ್ಪುರದ ಹ್ಯೂಮನ್ ಮೊಲಿಕ್ಯುಲರ್ ಜೆನೆಟಿಕ್ಸ್, ಐಐಟಿ ಬಾಂಬೆಯ ಪ್ರೋಟಿಯೋಮಿಕ್ಸ್, ಐಐಟಿ ಮದ್ರಾಸ್‌ನ ಬಯೋಇನ್ಫರ್ಮ್ಯಾಟಿಕ್ಸ್, ಹೀಗೆ. ಅಮೆರಿಕದ ಎಂಐಟಿ ತನ್ನ ಪಾಠಗಳನ್ನು ಓಪನ್‌ಕೋರ್ಸ್‌ವೇರ್ ಹೆಸರಿನಲ್ಲಿ ಬಿಟ್ಟಿಯಾಗಿ ಇಟ್ಟಿದೆ. ಅದಕ್ಕೆ ಹೆಸರು ನೋಂದಾಯಿಸುವುದೂ ಬೇಡ. ನಾನು ಎರಡನ್ನೂ ಜೋಡಿಸಿಕೊಂಡೆ. ವಾರವಾರಕ್ಕೆ ಶಿಸ್ತು ಬರಲಿ ಅಂತ ಎನ್‌ಪಿಟಿಇಎಲ್, ತಲೆ ಕೆಡಿಸಿಕೊಳ್ಳುವುದಕ್ಕೆ ಎಂಐಟಿಯ 7.03 ನಂಬರಿನ ಜೆನೆಟಿಕ್ಸ್ ಕೋರ್ಸ್‌ನ ಪ್ರಾಬ್ಲಮ್ ಸೆಟ್‌ಗಳು.

ಈ ಪ್ರಾಬ್ಲಮ್ ಸೆಟ್ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ನಿಜವಾಗಿ ಕಲಿತಿದ್ದು ಅಲ್ಲೇ. ಲ್ಯಾಕ್ ಒಪೆರಾನ್, ಅಂದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಬಳಸಲು ಬೇಕಾದ ಜೀನ್‌ಗಳ ಗುಂಪು, ನಮ್ಮಲ್ಲಿ ಎಲ್ಲರಿಗೂ ಗೊತ್ತು. ಇ. ಕೋಲೈ (E. coli) ಬ್ಯಾಕ್ಟೀರಿಯಾದಲ್ಲಿ ‘ಐ’ ಜೀನ್ ರಿಪ್ರೆಸರ್ ಪ್ರೋಟೀನ್ ಮಾಡುತ್ತದೆ. ಅದು ‘ಓ’ ಅನ್ನುವ ಆಪರೇಟರ್ ಮೇಲೆ ಕೂತು ‘ಝಡ್’ ಜೀನನ್ನು ತಡೆಯುತ್ತದೆ. ಲ್ಯಾಕ್ಟೋಸ್ ಬಂದರೆ ರಿಪ್ರೆಸರ್ ಜಾಗ ಬಿಡುತ್ತದೆ, ಝಡ್‌ನಿಂದ ಬೀಟಾ ಗ್ಯಾಲಕ್ಟೋಸಿಡೇಸ್ ಎಂಜೈಮ್ ತಯಾರಾಗುತ್ತದೆ. ಚಿತ್ರ ಬರೆದರೆ ಮಾರ್ಕ್ಸ್ ಗ್ಯಾರಂಟಿ.

ಪ್ರಾಬ್ಲಮ್ ಸೆಟ್‌ನಲ್ಲಿ ಚಿತ್ರ ಯಾರೂ ಕೇಳುವುದಿಲ್ಲ. ಒಂದೇ ಕೋಶದಲ್ಲಿ ಲ್ಯಾಕ್ ಒಪೆರಾನ್‌ನ ಎರಡು ಪ್ರತಿ ಇಡುತ್ತಾರೆ, ಒಂದು ಕ್ರೋಮೋಸೋಮ್‌ನಲ್ಲಿ, ಇನ್ನೊಂದು ಬ್ಯಾಕ್ಟೀರಿಯಾದಲ್ಲಿ ಬೇರೆಯಾಗಿ ಇರುವ ಚಿಕ್ಕ ಡಿಎನ್‌ಎ ಉಂಗುರವಾದ ಎಫ್ ಪ್ಲಾಸ್ಮಿಡ್‌ನಲ್ಲಿ. ಕ್ರೋಮೋಸೋಮ್‌ನಲ್ಲಿ ಐ ಕೆಟ್ಟಿದೆ, ಓ ಮತ್ತು ಝಡ್ ಚೆನ್ನಾಗಿವೆ. ಪ್ಲಾಸ್ಮಿಡ್‌ನಲ್ಲಿ ಐ ಮತ್ತು ಓ ಚೆನ್ನಾಗಿವೆ, ಝಡ್ ಕೆಟ್ಟಿದೆ. ಲ್ಯಾಕ್ಟೋಸ್ ಇಲ್ಲದಿದ್ದಾಗ ಎಂಜೈಮ್ ಬರುತ್ತದಾ? ಬರುವುದಿಲ್ಲ. ಪ್ಲಾಸ್ಮಿಡ್‌ನ ಐ ಮಾಡಿದ ರಿಪ್ರೆಸರ್ ಪ್ರೋಟೀನ್ ಕೋಶದ ತುಂಬ ಓಡಾಡುತ್ತದೆ, ಕ್ರೋಮೋಸೋಮ್‌ನ ಓ ಮೇಲೂ ಹೋಗಿ ಕೂರುತ್ತದೆ. ಈಗ ಎರಡೂ ಕಡೆ ಐ ಚೆನ್ನಾಗಿಟ್ಟು, ಕ್ರೋಮೋಸೋಮ್‌ನ ಓ ಒಂದನ್ನು ಕೆಡಿಸಿ. ಈ ಸಲ ಲ್ಯಾಕ್ಟೋಸ್ ಇಲ್ಲದೆಯೂ ಎಂಜೈಮ್ ಬರುತ್ತದೆ! ಪ್ಲಾಸ್ಮಿಡ್‌ನಲ್ಲಿ ಚೆನ್ನಾಗಿರುವ ಓ ಇದ್ದೂ ಉಪಯೋಗವಿಲ್ಲ. ಓ ಅನ್ನುವುದು ಡಿಎನ್‌ಎಯ ಒಂದು ತುಂಡು ಅಷ್ಟೇ. ಅದು ಎಲ್ಲಿಗೂ ಹೋಗುವುದಿಲ್ಲ, ಪಕ್ಕದ ಜೀನನ್ನು ಮಾತ್ರ ನೋಡಿಕೊಳ್ಳುತ್ತದೆ. ಹಾಗಾದರೆ ಕೆಟ್ಟ ಓ ಇರುವುದು ಪ್ಲಾಸ್ಮಿಡ್‌ನಲ್ಲಿ, ಕೆಟ್ಟ ಝಡ್‌ನ ಪಕ್ಕದಲ್ಲಿ ಅಂತಿಟ್ಟುಕೊಳ್ಳಿ. ಆಗ? ಉತ್ತರ ನಾನು ಹೇಳುವುದಿಲ್ಲ, ಪೆನ್ನು ತೊಗೊಂಡು ಕೂರಿ.

ಒಂದು ಸಂಜೆ ನಾನು ಇದೇ ತರಹದ್ದೊಂದಕ್ಕೆ ಹಾಳೆ ಮೇಲೆ ಹಾಳೆ ತುಂಬಿಸುತ್ತಿದ್ದಾಗ ರೂಮ್‌ಮೇಟ್ ಇಣುಕಿ ನೋಡಿ, “ಲೇ, ಒಂದು ಪ್ರಶ್ನಾಕ ಇಷ್ಟ್ಯಾಕ ಗುದ್ದಾಡ್ತೀ?” ಅಂದ. ಆಮೇಲೆ ಅವನೂ ಬಂದು ಕೂತ. ಇಬ್ಬರೂ ಬೇರೆ ಬೇರೆ ಬಿಡಿಸಿ, ಉತ್ತರ ಹೊಂದದಿದ್ದರೆ ಜಗಳ ಆಡುವುದು ರೂಢಿಯಾಯಿತು. ಸಲ್ಯೂಷನ್ ಫೈಲ್ ಅದೇ ಸೈಟಿನಲ್ಲಿ ಇರುತ್ತದೆ, ಆದರೆ ಜಗಳ ಮುಗಿಯುವ ತನಕ ತೆರೆಯುತ್ತಿರಲಿಲ್ಲ. ಫ್ರಾನ್ಸ್‌ನ ವಿಜ್ಞಾನಿಗಳಾದ ಜಾಕೋಬ್ ಮತ್ತು ಮೊನೊ 1961ರಲ್ಲಿ ಈ ಒಪೆರಾನ್ ವಿಚಾರ ಮಂಡಿಸಿದಾಗ ರಿಪ್ರೆಸರನ್ನು ಯಾರೂ ಬೇರ್ಪಡಿಸಿ ನೋಡಿರಲಿಲ್ಲ. ಅದು ಆಗಿದ್ದು 1966ರಲ್ಲಿ. ಅಂದರೆ ಅವರೂ ಇಂಥ ಕೋಶಗಳನ್ನು ಮಾಡಿ, ಎಂಜೈಮ್ ಬಂತೋ ಇಲ್ಲವೋ ನೋಡಿಯೇ ಒಳಗಿನ ಲೆಕ್ಕ ಹಿಡಿದಿದ್ದರು. ಇದು ತಿಳಿದಾಗ ನನಗೆ ಆ ಚಿತ್ರದ ಮೇಲೆ ಮೊದಲ ಬಾರಿ ಗೌರವ ಬಂತು.

ಎನ್‌ಪಿಟಿಇಎಲ್ ಕಡೆ ಕೆಲಸ ಸರಳ. ಕೋರ್ಸ್ ಸೇರಲು ದುಡ್ಡು ಕೊಡಬೇಕಿಲ್ಲ. ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಪರೀಕ್ಷೆಗೆ ಫೀಸು, ನಾನು ಬರೆದಾಗ 1000 ರೂಪಾಯಿ ಇತ್ತು. ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75. ಎರಡರಲ್ಲೂ ಬೇರೆ ಬೇರೆ ಪಾಸಾಗಬೇಕು, ಅಸೈನ್‌ಮೆಂಟ್‌ನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30. ಫೀಸು ಕಟ್ಟಲು ಕೋರ್ಸ್ ಶುರುವಾದ ಮೇಲೂ ಕೆಲವು ವಾರ ಸಮಯ ಇರುತ್ತದೆ. ಪಾಠ ಹಿಡಿಸುತ್ತದಾ ಅಂತ ನೋಡಿಕೊಂಡೇ ನಾನು ಕಟ್ಟಿದೆ. ಪರೀಕ್ಷೆ ಮನೆಯಲ್ಲಿ ಕೂತು ಬರೆಯುವಂಥದ್ದಲ್ಲ, ಸೆಂಟರ್‌ಗೆ ಹೋಗಬೇಕು. ನಾನು ಹುಬ್ಬಳ್ಳಿಗೆ ಹೋಗಿ ಬರೆದೆ.

ಕ್ರೆಡಿಟ್ ವಿಷಯದಲ್ಲಿ ಒಂದು ಮಾತು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ 40 ಶೇಕಡಾದವರೆಗೆ ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ‘ಕೊಡಬಹುದು’ ಅನ್ನುವುದನ್ನು ಗಮನಿಸಿ. ಯಾವ ಕೋರ್ಸ್ ನಿಮ್ಮ ಯಾವ ಪೇಪರ್‌ಗೆ ಸಮ ಅಂತ ವಿಭಾಗದ ಮುಖ್ಯಸ್ಥರ ಹತ್ತಿರ ಮೊದಲೇ ಬರಹದಲ್ಲಿ ಒಪ್ಪಿಗೆ ತೊಗೊಳ್ಳಿ. ನಾನು ಕ್ರೆಡಿಟ್ ಗೋಜಿಗೇ ಹೋಗಲಿಲ್ಲ, ಸುಮ್ನೆ ಕಲಿಯೋಕೆ ಮಾಡಿದೆ.

ಇಂಗ್ಲಿಷ್ ಭಯ ನನಗೂ ಇತ್ತು, ಪಿಯುಸಿವರೆಗೆ ಕನ್ನಡ ಮೀಡಿಯಂ. ವಿಡಿಯೋ ವೇಗ ಕಮ್ಮಿ ಮಾಡಿ, ಟ್ರಾನ್ಸ್‌ಕ್ರಿಪ್ಟ್ ಪಕ್ಕದಲ್ಲಿ ಇಟ್ಟುಕೊಂಡು ಕೇಳಿದೆ. ಕೆಲವು ವಾರ ಆದ ಮೇಲೆ ಟ್ರಾನ್ಸ್‌ಕ್ರಿಪ್ಟ್ ತಾನಾಗಿಯೇ ಬಿಟ್ಟುಹೋಯಿತು.

ಕೈಕೆಲಸ ಮಾತ್ರ ಯಾವ ವಿಡಿಯೋದಿಂದಲೂ ಬರುವುದಿಲ್ಲ. ಅದಕ್ಕೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿದೆ. ಏನು ಕಲಿಯಬೇಕು ಅಂತಿದ್ದೀರಿ ಅಂತ ಅದರಲ್ಲಿ ಬರೆಯಬೇಕು, ಮೇಷ್ಟರ ಶಿಫಾರಸು ಪತ್ರವೂ ಬೇಕು. ಪ್ರಾಬ್ಲಮ್ ಸೆಟ್ ಬಿಡಿಸಿದ್ದರಿಂದ ಬರೆಯಲು ನಿಜವಾದ ಪ್ರಶ್ನೆ ಕೈಯಲ್ಲಿತ್ತು. ಎರಡು ತಿಂಗಳು ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಕೆಲಸ ಸಿಕ್ಕಿತು.

ಅಲ್ಲಿ ಮೊದಲು ಕಲಿತಿದ್ದು ಬ್ಯಾಕ್ಟೀರಿಯಾದಿಂದ ಪ್ಲಾಸ್ಮಿಡ್ ತೆಗೆಯುವುದು. ಇದಕ್ಕೆ ಒಂದಾದ ಮೇಲೊಂದು ಮೂರು ದ್ರಾವಣ ಹಾಕುತ್ತಾರೆ. ಎರಡನೇ ದ್ರಾವಣದಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಸೋಪಿನಂಥ ಎಸ್‌ಡಿಎಸ್ ಇರುತ್ತದೆ. ಹಾಕಿದ ತಕ್ಷಣ ಟ್ಯೂಬ್ ಒಳಗಿದ್ದದ್ದು ಲೋಳೆಯಾಗುತ್ತದೆ. ನಾನು ಟ್ಯೂಬನ್ನು ಜೋರಾಗಿ ಅಲ್ಲಾಡಿಸುವ ವರ್ಟೆಕ್ಸ್ ಯಂತ್ರದ ಕಡೆ ನೋಡಿದೆ. ಪಿಎಚ್‌ಡಿ ಮಾಡುತ್ತಿದ್ದ ಅಕ್ಕ, “ಬೇಡಪ್ಪಾ, ಮೆಲ್ಲಗೆ ಮೇಲೆ ಕೆಳಗೆ ಮಾಡು. ಯಾಕೆ ಹೇಳು?” ಅಂದರು. ಹೇಳಿದೆ: ಜೋರಾಗಿ ಅಲ್ಲಾಡಿಸಿದರೆ ಉದ್ದದ ಕ್ರೋಮೋಸೋಮ್ ಡಿಎನ್‌ಎ ಚೂರಾಗಿ ಪ್ಲಾಸ್ಮಿಡ್ ಜೊತೆ ಬೆರೆತುಬಿಡುತ್ತದೆ. ಮೂರನೆಯ ದ್ರಾವಣ, ಪೊಟ್ಯಾಸಿಯಂ ಅಸಿಟೇಟ್ ಹಾಕಿದಾಗ ಒಡೆದ ಹಾಲಿನ ಹಾಗೆ ಬಿಳಿ ಗಷ್ಟು ಬಂತು. ಚೂರಾಗದ ದೊಡ್ಡ ಡಿಎನ್‌ಎ ಪ್ರೋಟೀನ್ ಜೊತೆ ಅದರಲ್ಲೇ ಸಿಕ್ಕಿಕೊಳ್ಳುತ್ತದೆ, ಚಿಕ್ಕ ಪ್ಲಾಸ್ಮಿಡ್ ಮೇಲಿನ ತಿಳಿಯಲ್ಲಿ ಉಳಿಯುತ್ತದೆ. ಆಮೇಲೆ ಅಕ್ಕ ನನ್ನನ್ನು ಪ್ರತಿ ಹೆಜ್ಜೆಗೂ ‘ಯಾಕೆ’ ಅಂತ ಕೇಳತೊಡಗಿದರು. ಆ ಎರಡು ತಿಂಗಳ ಖುಷಿ ಅದೇ.

ಜನವರಿ ಅಥವಾ ಜುಲೈ ಸೆಷನ್‌ಗೆ ಸೇರಬೇಕು ಅಂತಿದ್ದರೆ, ಎನ್‌ಪಿಟಿಇಎಲ್ ಸೈಟಿನಲ್ಲಿ ಹಿಂದಿನ ವರ್ಷಗಳ ಕೋರ್ಸ್‌ಗಳು ಅಸೈನ್‌ಮೆಂಟ್ ಸಮೇತ ಇರುತ್ತವೆ. ಸೇರುವ ಮೊದಲು ನಿಮಗೆ ಬೇಕಾದ ಕೋರ್ಸ್‌ನ ಮಧ್ಯದ ವಾರದ್ದೊಂದು ತೆಗೆದು ಬಿಡಿಸಿ ನೋಡಿ. ಎಲ್ಲವೂ ನೋಟ್ಸ್‌ನಿಂದಲೇ ಬಂದುಬಿಟ್ಟರೆ ಬೇರೆ ಕೋರ್ಸ್ ಹುಡುಕಿ.